ಎರಡನೆಯ ತಳ

ಮಲ್ಪೆ ದಕ್ಕೆಯ ಹಿಂದೆ, ಐಸ್ ಪ್ಲಾಂಟಿನ ಗೋಡೆಗೊರಗಿ
ನನ್ನ ಅಂಗಡಿ. ಎಂಟಡಿ ಉದ್ದ, ಆರಡಿ ಅಗಲ.
ಇಷ್ಟರಲ್ಲೇ ನಾನು ಸಮುದ್ರದ ಆಳ ರಿಪೇರಿ ಮಾಡುವುದು.

ಜುಲೈ. ಬೋಟುಗಳೆಲ್ಲ ಮೈಗೆ ಮೈ ತಾಗಿಸಿ ನಿಂತಿವೆ,
ಅವುಗಳ ಕಿವಿ ಮಾತ್ರ ನನ್ನ ಮೇಜಿನ ಮೇಲೆ:
ಪರದೆ ಒಡೆದ ಎಕೋ ಸೌಂಡರು, ಉಪ್ಪು ತಿಂದ ವಯರು,
‘ಮೀನು ತೋರಿಸುವುದಿಲ್ಲ ಪೊರ್ಬುಲೇ’ ಎಂದು ಚೀಟಿ ಅಂಟಿಸಿದ ಡಬ್ಬ.
ಮೀನೇ ಇಲ್ಲದ್ದಕ್ಕೆ ಡಬ್ಬ ಏನು ಮಾಡೀತು?

ತಾಂಡೇಲ ದೂಮಣ್ಣನ ಮೊಮ್ಮಗಳು ಮಲ್ಲಿಕಾ ತಿಂಗಳಾಯ
ಸ್ಟೂಲೆಳೆದು ಕೂತು, ಸೋಲ್ಡರಿನ ಹೊಗೆಯನ್ನು ಕೈಯಲ್ಲಿ ಸರಿಸಿ
ಕೇಳಿದಳು, ಬೋಲ್ಟಿನ ರೇಟು ಕೇಳುವ ಹಾಗೆ:
“ಬೇರೆ ವಿಶ್ವಕ್ಕೆ ನೌಕೆ ಕಳಿಸಲಿಕ್ಕೆ ಆಗ್ತದಾ, ಸಿಪ್ರಿ ಅಂಕಲ್?
ಸೋಮವಾರ ಕಾಲೇಜಲ್ಲಿ ಸೆಮಿನಾರು. ಹತ್ತು ನಿಮಿಷ ಮಾತಾಡಬೇಕು.”

ಐಸಿನ ಬಿಲ್ಲಿನ ಬೆನ್ನಲ್ಲಿ ಲೆಕ್ಕಕ್ಕೆ ಕೂತೆವು.

ಮೊದಲು ಡೀಸೆಲು.
ನಾನು ಚಡ್ಡಿ ಹಾಕಿ ಶಾಲೆಗೆ ಹೋಗುವಾಗ ಹೊರಟ ನೌಕೆಯೊಂದು
ಇನ್ನೂ ಓಡುತ್ತಲೇ ಇದೆ. ಹೆಚ್ಚುಕಡಿಮೆ ಐವತ್ತು ವರ್ಷಕ್ಕೆ
ಬೆಳಕು ಒಂದು ಹಗಲು ಒಂದು ಇರುಳಲ್ಲಿ ದಾಟುವಷ್ಟು ದೂರ.
“ನಮ್ಮದೇ ಅಂಗಳ ದಾಟಲಿಲ್ಲ!”
ಅಂಗಳದ ಬೇಲಿಯೋ, ಓಡುವವನಿಗಿಂತ ಜೋರಾಗಿ ಹಿಂದೆ ಸರಿಯುತ್ತದೆ.
ಆ ಸಾಲಿಗೆ ಅಡ್ಡಗೆರೆ.

ಆಮೇಲೆ ಬಾಗಿಲು.
ದೂರವೇ ಅಲ್ಲದಿದ್ದರೆ? ಉದ್ದ ಅಗಲ ಎತ್ತರದ ಮಗ್ಗುಲಲ್ಲೇ
ಇನ್ನೊಂದು ದಿಕ್ಕು ಸುರುಳಿ ಸುತ್ತಿ ಮಲಗಿದ್ದರೆ,
ಬಲೆಯ ನೂಲಿನ ಹುರಿಯೊಳಗಿನ ತಿರುವಿನ ಹಾಗೆ?
“ಹಾಗಾದರೆ ನೌಕೆ ದೊಡ್ಡದಾಯಿತು ಮಾರಾಯ್ತಿ,
ಬೂತಾಯಿ ಬಲೆಯ ಕಣ್ಣಲ್ಲಿ ತಿಮಿಂಗಿಲ ತೂರಿಸಿದ ಹಾಗೆ.”
ನಕ್ಕಳು, ಬರೆದುಕೊಂಡಳು, ಗೀಚಿ ಹಾಕಿದಳು.

ತೂರಿತೆಂದೇ ಇಟ್ಟುಕೋ.
ಅಲ್ಲಿ ಕಬ್ಬಿಣ ಕಬ್ಬಿಣವಾಗಿಯೇ ಉಳಿಯುತ್ತದೆಂದು
ಯಾರು ಬರೆದು ಕೊಟ್ಟಿದ್ದಾರೆ?
ನಿಯಮವೇ ಬೇರೆಯಾದ ನೀರಲ್ಲಿ ತಾಮ್ರದ ತಂತಿಗೆ
ತಾನು ತಾಮ್ರವೆಂಬ ನೆನಪು ಎಷ್ಟು ಹೊತ್ತು?

ದೂಮಣ್ಣನ ಅಜ್ಜ ಈಯದ ಗುಂಡಿನ ಬುಡಕ್ಕೆ ಮೇಣ ಮೆತ್ತಿ
ಹಗ್ಗ ಕಟ್ಟಿ ಇಳಿಸುತ್ತಿದ್ದರಂತೆ.
ಮೇಲೆಳೆದು, ಮೇಣಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ,
ಕೆಸರೋ ಚಿಪ್ಪೋ ಹೊಯಿಗೆಯೋ,
ಕತ್ತಲಲ್ಲೂ ಎಲ್ಲಿದ್ದೇವೆಂದು ಹೇಳುತ್ತಿದ್ದರಂತೆ.
ಕಳಿಸುವುದು ದೊಡ್ಡ ವಿಷಯ ಅಲ್ಲ ಮಗಾ.
ಹೊಯಿಗೆ ಬರಬೇಕು.

ಮಳೆ ಸ್ವಲ್ಪ ಬಿಟ್ಟಾಗ ರಿಪೇರಿಯಾದ ಡಬ್ಬ ಹೊತ್ತು
ದೂಮಣ್ಣನ ಬೋಟು ಹತ್ತಿದೆವು. ಕೆಳಗೆ ಮೂರೇ ಮಾರು ನೀರು.
ಗೇನ್ ಪೂರ್ತಿ ಏರಿಸಿದೆ.
ತಳದ ಕೆಂಪು ಗೆರೆ. ಅದರಡಿಯಲ್ಲಿ, ಇನ್ನೊಂದು ತಳ.
“ಅಂಕಲ್, ನೆಲದ ಕೆಳಗೆ ನೆಲ!”

ನಮ್ಮದೇ ಕೂಗು ಅದು. ತಳಕ್ಕೆ ಬಡಿದು ಮೇಲೆ ಬಂದು,
ಬೋಟಿನ ಹೊಟ್ಟೆಗೆ ಬಡಿದು ಮತ್ತೆ ಇಳಿದು, ಮತ್ತೆ ಬಂತು.
ಪಾಪದ ಡಬ್ಬ, ಸಮುದ್ರದಡಿಗೆ ಇನ್ನೊಂದು ಸಮುದ್ರ ಬರೆಯಿತು.
“ಸುಳ್ಳೆಂದು ಹೇಗೆ ಗೊತ್ತು?”
ಮೂರಕ್ಕೆ ಆರು, ಹನ್ನೆರಡಕ್ಕೆ ಇಪ್ಪತ್ತನಾಲ್ಕು.
ಸುಳ್ಳಿನ ಲೆಕ್ಕ ಯಾವತ್ತೂ ಸರಿ ಇರುತ್ತದೆ.

ಅವಳು ಪರದೆಯಿಂದ ಕಣ್ಣು ತೆಗೆಯದೆ:
“ಲೆಕ್ಕ ಸರಿ ಬಾರದ್ದು ಯಾವತ್ತಾದರೂ ನೋಡಿದ್ದೀರಾ?”

ಕಾಪು ದೀಪಸ್ತಂಭದ ಆಚೆ, ಹನ್ನೊಂದು ವರ್ಷದ ಹಿಂದೆ,
ಟ್ರಯಲ್ಲಿಗೆಂದು ಹೋದ ರಾತ್ರಿ. ಹದಿನಾಲ್ಕಕ್ಕೆ ತಳ.
ಅದರ ಕೆಳಗೆ ಮೂವತ್ತೊಂದಕ್ಕೆ ಇನ್ನೊಂದು.
ಗೇನ್ ಇಳಿಸಿದೆ. ಮೇಲಿನದು ಮಾಸಿತು,
ಕೆಳಗಿನದು ಹಾಗೇ ನಿಂತಿತು, ಒಂದು ನಿಮಿಷ, ಒಂದೂವರೆ.
ಗಾಳಿಯಿರಲಿಲ್ಲ. ದೂಮಣ್ಣ ಬೀಡಿ ಹಚ್ಚುತ್ತಿದ್ದ.
ನಾನು ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ.
ಬಿಲ್ಲಿನಲ್ಲಿ ಬರೆದದ್ದು: ವಯರು ಬದಲು, ಮುನ್ನೂರೈವತ್ತು.

“ಇಲ್ಲ” ಎಂದೆ.

ಅವಳು ಐಸಿನ ಬಿಲ್ಲು ಮಡಚಿ ಕಿಸೆಗಿಟ್ಟು
ಹಲಗೆಯ ಮೇಲೆ ನಡೆದು ದಕ್ಕೆಗೆ ಹಾರಿದಳು.
ಮಳೆ ಮತ್ತೆ ಹಿಡಿಯಿತು. ನಾನಿನ್ನೂ ಬೋಟಿನಲ್ಲೇ,
ತಿರುಪಿನ ಮೇಲೆ ಬೆರಳಿಟ್ಟು,
ಮೂರಕ್ಕೆ ಆರೇ ತೋರಿಸುತ್ತಿದ್ದ ಡಬ್ಬವನ್ನು
ಆರಿಸದೆ ಕೂತಿದ್ದೆ.