ಎಡಗಡೆಯ ಪೆಟ್ಟಿಗೆ

ಸಿದ್ದಾಪುರದ ಮೊಯ್ದು ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ
ಬೈಕಿನ ಸುತ್ತ ಎರಡು ಸುತ್ತು ಬಂದ,
ಹಲ್ಲು ಕೀಳುವ ಮುಂಚೆ ಬಾಯೊಳಗೆ ಇಣುಕುವ ಡಾಕ್ಟರಂತೆ.
"ಬಲಕ್ಕೆ ಸೈಲೆನ್ಸರ್, ಬಿಸಿ. ಪೆಟ್ಟಿಗೆ ನಾಲ್ಕು ಬೆರಳು ಆಚೆ ಹೋಗ್ಬೇಕು.
ಎಡಕ್ಕೆ ಜಾಗ ಉಂಟು. ಆದ್ರೆ ಸಾರ್,
ಈ ಸೀರೆಗಾರ್ಡ್ ತೆಗೀಬೇಕಲ್ಲ?"

ತೆಗಿ, ಎಂದೆ. ಅಷ್ಟು ಸಲೀಸಾಗಿ.

ನಾನು ಸರ್ವೆಯವನು. ಹನ್ನೊಂದು ವರ್ಷದಿಂದ
ವಿರಾಜಪೇಟೆಯಿಂದ ಅಮ್ಮತ್ತಿ, ಪಾಲಿಬೆಟ್ಟ, ಮಾಲ್ದಾರೆ;
ಬೆನ್ನಿಗೆ ಚೀಲ, ಟ್ಯಾಂಕಿನ ಮೇಲೆ ಸರಪಳಿ,
ಕಂಕುಳಲ್ಲಿ ನಕ್ಷೆಯ ಕೊಳವೆ.
ಒಮ್ಮೆ ಮಾಲ್ದಾರೆ ತಿರುವಿನಲ್ಲಿ ಒಂಟಿ ಸಲಗ.
ನಾನು ಬ್ರೇಕ್ ಅದುಮಿದ ರಭಸಕ್ಕೆ
ಮೂರು ಮನೆಯ ಪಾಲುಪಟ್ಟಿ ಹಾರಿ
ಅದರ ಕಾಲಬುಡದಲ್ಲಿ ಹರಡಿಕೊಂಡವು.
ಆನೆ ಒಂದು ಹಾಳೆ ಮೂಸಿತು,
ತಕರಾರಿಲ್ಲದೆ ಕಾಡಿಗೆ ಇಳಿಯಿತು.
ನನ್ನ ಅಳತೆಗೆ ಅಷ್ಟು ಬೇಗ ಒಪ್ಪಿದವರು
ಈ ಸೇವೆಯಲ್ಲಿ ಇನ್ನೊಬ್ಬರಿಲ್ಲ.

ಅವತ್ತೇ ತೀರ್ಮಾನ: ಪೆಟ್ಟಿಗೆ ಬೇಕು. ಬೀಗ ಇರುವಂಥದ್ದು. ಎರಡು.

ಮೊಯ್ದು ಬಿಚ್ಚಿದ ಗಾರ್ಡನ್ನು ನನ್ನ ಕೈಗಿಟ್ಟ.
ಮೂರನೇ ಸರಳಲ್ಲಿ ಬಣ್ಣ ಹೋಗಿ
ಉಗುರಗಲ ಬೆಳ್ಳಿ ಮಿಂಚುತ್ತಿತ್ತು:
ಗುಂಡಿ ಬಂದಾಗಲೆಲ್ಲ ದೇಚಮ್ಮ ಹಿಮ್ಮಡಿ ಊರಿದ ಜಾಗ.
ನಾನು ಕಂಡೇ ಇರಲಿಲ್ಲ.
ಓಡಿಸುವವನು ಮುಂದೆ ನೋಡಬೇಕು, ಅಲ್ಲವೇ.

ಮನೆಯಲ್ಲಿ ಅವಳು ಪೆಟ್ಟಿಗೆ ತಟ್ಟಿ ನೋಡಿದಳು.
"ಅಳತೆ ಎಷ್ಟು?"
ಹದಿನಾರು, ಹತ್ತು, ಹದಿನಾಲ್ಕು ಇಂಚು, ಎಂದೆ ಹೆಮ್ಮೆಯಿಂದ,
ಮಡಚಿದ ರೇನ್‌ಕೋಟು ಎರಡು ಹಿಡಿಸುತ್ತೆ.
"ನನ್ನ ಅಳತೆ?"

ನಿರಿಗೆ ಹಿಂದಕ್ಕೆ ಸಿಕ್ಕಿಸುವ ನಮ್ಮ ಸೀರೆಯಲ್ಲಿ
ಎರಡು ಕಾಲೂ ಎಡಕ್ಕೆ ಇಳಿಬಿಟ್ಟು ಕೂರುವವಳು.
ಆ ಕಾಲಿಗೆ ಈಗ ತಗಡಿನ ಗೋಡೆ.
ಕಂಡವರ ಬೇಲಿ ಗೇಣು ಸರಿದರೂ ನೋಟೀಸು ಬರೆಯುವ ನಾನು
ನನ್ನದೇ ಸೀಟಿನ ಮೇಲೆ ಒತ್ತುವರಿ ಮಾಡಿದ್ದೆ.

ಮೂರು ದಿನ ಅವಳು ಸೊಸೈಟಿಗೆ ಬಸ್ಸಿನಲ್ಲಿ ಹೋದಳು.
ಸೀರೆಗಾರ್ಡು ಅಡುಗೆಮನೆ ಸೇರಿತು, ತಟ್ಟೆ ಒಣಗಿಸಲು.
ನಾಲ್ಕನೆಯ ಸಂಜೆ ತಮ್ಮನ ಹಳೆಯ ಪ್ಯಾಂಟಿಗೆ
ಸೊಂಟದಲ್ಲಿ ಎರಡು ಹೊಲಿಗೆ ಹಾಕಿ ಉಟ್ಟು
ಅಂಗಳಕ್ಕೆ ಬಂದವಳು ಕಾಲೆತ್ತಿ ಆಚೆಗೆ ಹಾಕಿದಳು.
ಬೂಟು ಪೆಟ್ಟಿಗೆಗೆ ತಾಗಿ ಢಣ್!
ಪಕ್ಕದ ಮನೆ ನಾಯಿ ಬೊಗಳಿತು.
"ಕುಟ್ಟ ದಾಟಿ ಎಷ್ಟು ದೂರ ಹೋಗಬಹುದು?"

ಭಾನುವಾರ, ಇನ್ನೂ ಮಂಜು.
ಎಡಗಡೆಗೆ ಬಾಳೆಲೆಯಲ್ಲಿ ಒಟ್ಟಿ, ಪಂದಿಕರಿ ಡಬ್ಬಿ,
ಪಂಕ್ಚರ್ ಕಿಟ್ಟು, ಸ್ವೆಟರು, ಅವಳ ಅಮೃತಾಂಜನ.
ಬಲಗಡೆ ಖಾಲಿ ಇರಲಿ, ಎಂದಳು,
"ಬರುವಾಗ ಏನು ಸಿಗುತ್ತೋ."
ಖಾಲಿ ಜಾಗ ಕಂಡರೆ ನನಗೆ ತಡೆಯದು. ಬೈಕೂ ಎಡಕ್ಕೆ ವಾಲುತ್ತಿತ್ತು.
ಹಿತ್ತಿಲ ತೋಡಿನಿಂದ ನುಣ್ಣನೆಯ ಕಲ್ಲೊಂದು ಎತ್ತಿ
ಹಳೆ ಟವೆಲಿನಲ್ಲಿ ಸುತ್ತಿ ಮಲಗಿಸಿದೆ.

ತೋಲ್ಪೆಟ್ಟಿಯಲ್ಲಿ ಚೆಕ್‌ಪೋಸ್ಟಿನವನು ಮುಚ್ಚಳ ತೆಗೆಸಿದ,
ಟವೆಲು ಬಿಚ್ಚಿದ, ಕಲ್ಲನ್ನು ನೋಡಿದ, ನಮ್ಮನ್ನು ನೋಡಿದ.
ನಾನು ಭಾರಕೇಂದ್ರದಿಂದ ಶುರುಮಾಡುವಷ್ಟರಲ್ಲಿ
ಹಿಂದಿನಿಂದ ದೇಚಮ್ಮ: "ಜೊತೆಗಿರಲಿ ಅಂತ."
ಅವನು ಟವೆಲು ಮೊದಲಿಗಿಂತ ನೀಟಾಗಿ ಸುತ್ತಿ
ಮುಚ್ಚಳ ಹಾಕಿದ.

ಮಾನಂದವಾಡಿಯಲ್ಲಿ ಒಂದು ಕಂಚಿನ ಉರುಳಿ ಸಿಕ್ಕಿತು,
ಕಲ್ಲಿನಷ್ಟೇ ತೂಕ, ಬಹುಶಃ.
ಕಲ್ಲನ್ನು ರಸ್ತೆಯಂಚಿನ ಹುಲ್ಲಿನಲ್ಲಿ ಇಳಿಸಿದೆವು.
ಅರ್ಧ ಫರ್ಲಾಂಗು ಬಂದಿಲ್ಲ, ನನಗೆ ಚಿಂತೆ:
ನಾಳೆ ಯಾರಾದರೂ ಅದನ್ನು ಗಡಿಕಲ್ಲು ಅಂದುಕೊಂಡರೆ?
ಕತ್ತು ತಿರುಗಿಸಿ ಹಿಂದೆ ನೋಡಿದೆ.
ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಟಕ್ ಅಂತ ಬಡಿಯಿತು.

"ಮುಂದೆ ನೋಡಿ," ಎಂದಳು.