ಫ್ಲೆಕ್ಸ್ ಡೇರೆ

ಡೇರೆ ಹೊಲಿದುಕೊಟ್ಟದ್ದು ಟೈಲರ್ ತಿಪ್ಪೇಶಿ,
ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ.
ಜೋಗಿಮಟ್ಟಿಯ ಗಾಳಿ ಅದನ್ನು
ಮೂರು ಸಲ ಕಿತ್ತಿತು.
ನಾಲ್ಕನೆಯ ಸಲ ಗೂಟ ಬಿಟ್ಟು
ಕಲ್ಲು ಹೇರಿದೆವು.

ಮಂಡಕ್ಕಿ ಬಿಚ್ಚಿದರೆ ಅರ್ಧ ಗಾಳಿಯ ಪಾಲು.
‘ತಿನ್ಲಿ ಬಿಡು, ಅದೂ ನಮ್ಜತೆ ಗುಡ್ಡ ಹತ್ತೈತೆ’
ಎಂದಳು ಕಾಟಮ್ಮ, ಚಪ್ಪಲಿಯ ಮುಳ್ಳು ಕೀಳುತ್ತ.

ಕೆಳಗೆ ದುರ್ಗದ ದೀಪಗಳು.
ನಮ್ಮ ಓಣಿ ಯಾವುದೆಂದು
ಬೆರಳು ತೋರಿ ಜಗಳವಾಡಿ
ಇಬ್ಬರೂ ಸೋತೆವು.
ಗಾಳಿಯಂತ್ರದ ಕೆಂಪು ಕಣ್ಣು ಮಿಟುಕುತ್ತಲೇ ಇತ್ತು.

ನಡುರಾತ್ರಿ ಎಚ್ಚರ.
ಬೆಳದಿಂಗಳು ಫ್ಲೆಕ್ಸಿನಲ್ಲಿ ಸೋಸಿ
ಆ ಅಪರಿಚಿತನ ತಲೆಕೆಳಗಾದ ನಗು
ಮಲಗಿದವಳ ಹಣೆಯ ಮೇಲೆ.

ಯಾರೋ ಏನೋ ನೀನು, ಪುಣ್ಯಾತ್ಮ,
ನೂರು ವರ್ಷ ಬಾಳು.
ನಿನ್ನ ಕಿವಿಯ ಹತ್ತಿರ ಹೊಲಿಗೆ ಬಿಟ್ಟಿದೆ,
ಒಂದು ನಕ್ಷತ್ರ ಕಾಣುತ್ತಿದೆ.
ತಿಪ್ಪೇಶಿಗೆ ಹೇಳುವುದಿಲ್ಲ.