ನೂರೈವತ್ತು ಗ್ರಾಂ ಜಾಸ್ತಿ

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನನ್ನದು ಲೆಕ್ಕದ ಮೇಜು.
ಎಡಕ್ಕೆ ತೂಕದ ಯಂತ್ರ, ಬಲಕ್ಕೆ ಫ್ಯಾನು,
ನಡುವೆ ಮೂರು ಕಾಲಮ್ಮಿನ ಪುಸ್ತಕ:
ಹೊರಟದ್ದು, ತಲುಪಿದ್ದು, ಕೊರತೆ.

ಹೊರಟದ್ದು ಯಾವಾಗಲೂ ಐವತ್ತು ಕಿಲೋ.
ತಲುಪಿದ್ದು ನಲವತ್ತೆಂಟು, ನಲವತ್ತೇಳೂವರೆ;
ಏಪ್ರಿಲಿನಲ್ಲಿ, ಬೋಟು ತಡವಾದರೆ,
ಬರೆಯಲು ನನಗೇ ನಾಚಿಕೆ.
ಕೊರತೆಯನ್ನು ಗಾಡಿ ಎಳೆದವನ ಕೂಲಿಯಲ್ಲಿ ಮುರಿಯಬೇಕು,
ಧನಿಗಳ ಮಾತು.
ಮುರಿಯುತ್ತಿದ್ದೆ.

ಒಳಗೆ ತೊಟ್ಟಿಯ ತುಂಬ ಉಪ್ಪುನೀರು,
ಅದರಲ್ಲಿ ಸಾಲಾಗಿ ಕುತ್ತಿಗೆವರೆಗೆ ಮುಳುಗಿ ನಿಂತ ತಗಡಿನ ಡಬ್ಬಗಳು.
ಉಪ್ಪುನೀರು ತಾನು ಹೆಪ್ಪುಗಟ್ಟದೆ
ಡಬ್ಬದೊಳಗಿನ ಸಿಹಿನೀರನ್ನು ಕಲ್ಲು ಮಾಡುತ್ತದೆ
(ನಮ್ಮ ದೊಡ್ಡಮ್ಮನೂ ಹಾಗೇ).
ಕೊಳವೆಗಳಲ್ಲಿ ಅಮೋನಿಯಾ
ಆವಿಯಾಗಿ ಹೋಗಿ, ದ್ರವವಾಗಿ ಬಂದು, ಮತ್ತೆ ಆವಿಯಾಗಿ,
ರಜೆಯಿಲ್ಲ, ಪಾಳಿಯಿಲ್ಲ.
ಒಮ್ಮೆ ಸೋರಿದಾಗ
ಸಾವಿಲ್ಲದೆಯೇ ಇಡೀ ಕೇರಿ ಅತ್ತಿತ್ತು.

ಶೀನ ತಿಂಗಳಾಯರು ಗಾಡಿ ಎಳೆಯುವವರು.
ಬಲಗೈಯ ಎರಡು ಬೆರಳು ಬೋಟಿನ ವಿಂಚಿಗೆ ಹೋದಮೇಲೆ
ನೆಲಕ್ಕೆ ಬಂದವರು. ಮಾತು ಕಡಿಮೆ.
ಒಂದು ಮಧ್ಯಾಹ್ನ ದಕ್ಕೆಯಲ್ಲಿ ಮೂರು ತಾಸು ಕಾದರು,
ಬೋಟು ಬರಲಿಲ್ಲ,
ಗೋಣಿ ಹೊದೆಸಿದ ಗಡ್ಡೆಯನ್ನು ಹಾಗೇ ಹಿಂದೆ ತಂದರು.
ಏರಿಸಿದೆ. ನಲವತ್ತೈದು ಕಿಲೋ ಒಂಬೈನೂರು.
ಪೆನ್ನು ಮುಚ್ಚಳ ತೆಗೆಯುವಷ್ಟರಲ್ಲಿ
"ನಿಲ್ಲು ಮಗಾ, ಇದೂ ಉಂಟು" ಎಂದು
ಗಾಡಿಯ ಕೆಳಗಿಂದ ಬಕೆಟ್ಟು ಎತ್ತಿದರು.
ಹಲಗೆಗೆ ಟಾರ್ಪಾಲು ಹಾಸಿ, ಮೂಲೆ ಇಳಿಬಿಟ್ಟು,
ದಾರಿಯುದ್ದಕ್ಕೂ ಹನಿ ಹಿಡಿದಿದ್ದರು.
ಗೋಣಿಯನ್ನೂ ನನ್ನೆದುರೇ ಹಿಂಡಿದರು,
ಉಳಿದ ಮೂರು ಬೆರಳಲ್ಲಿ.

ಬಕೆಟ್ಟಿನ ತೂಕ ಕಳೆದು ಕೂಡಿದೆ.
ಐವತ್ತು ಕಿಲೋ ನೂರೈವತ್ತು ಗ್ರಾಂ.

ಮತ್ತೆ ಕೂಡಿದೆ.
ಜಾಸ್ತಿ.

"ನನ್ನ ಬೆವರು ಬಿದ್ದಿರಬೇಕು" ಎಂದರು ತಿಂಗಳಾಯರು,
ತಪ್ಪು ಒಪ್ಪಿಕೊಳ್ಳುವವರ ಹಾಗೆ.

ಬಿಎಸ್ಸಿ ಎರಡನೇ ವರ್ಷಕ್ಕೆ ಬಿಟ್ಟವಳು ನಾನು,
ಗುಪ್ತೋಷ್ಣದ ಪಾಠ ಅರ್ಧಕ್ಕೇ ನಿಂತಿತ್ತು.
ಆದರೂ ಗಡ್ಡೆಯ ಸುತ್ತ ಸುಳಿವ ಬಿಳಿ ಹೊಗೆ ನೋಡಿದೆ.
ಜನ ಅದನ್ನು ಐಸಿನ ಹೊಗೆ ಅನ್ನುತ್ತಾರೆ.
ಐಸಿನದಲ್ಲ. ಅದು ಕಡಲಿನದು:
ಕಣ್ಣಿಗೆ ಕಾಣದೆ ಗಾಳಿಯಲ್ಲಿ ತಿರುಗುವ ನೀರು
ತಣ್ಣಗಿನದನ್ನು ಮುಟ್ಟಿ ಕಾಣಿಸಿಕೊಳ್ಳುತ್ತದೆ,
ನನ್ನ ಕನ್ನಡಕದ ಮೇಲೆ ಕೂರುವ ಹಾಗೆ ಗಡ್ಡೆಯ ಮೇಲೂ ಕೂತು
ಹನಿಯಾಗಿ ಬಕೆಟ್ಟಿಗೆ ಇಳಿಯುತ್ತದೆ.
ಮೂರು ತಾಸು ಈ ಮನುಷ್ಯ
ಸಮುದ್ರದಿಂದ ನೂರೈವತ್ತು ಗ್ರಾಂ ವಸೂಲು ಮಾಡಿದ್ದರು,
ತನಗೇ ತಿಳಿಯದೆ.

ಇದನ್ನೆಲ್ಲ ಹೇಳಿದೆನೋ?
ಇಲ್ಲ. ಗಂಟಲಲ್ಲೇ ಗಟ್ಟಿಯಾಯಿತು.
ಕೊರತೆಯ ಕಾಲಮ್ಮಿನಲ್ಲಿ ಮೊದಲ ಬಾರಿ
ಕೂಡುವ ಗುರುತು ಹಾಕಿದೆ, ಅಷ್ಟೇ.
ಬಕೆಟ್ಟಿನ ನೀರನ್ನು ಅವರು ಕಾಲಿಗೆ ಸುರಿದುಕೊಂಡು
"ಹಾ" ಎಂದರು.

ಸಂಜೆ ಧನಿಗಳು ಪುಸ್ತಕ ನೋಡಿದರು.
ಯಂತ್ರ ಕೆಟ್ಟಿದೆ ಎಂದು ಉಡುಪಿಗೆ ಕಳಿಸಿದರು.
ನಾಲ್ಕು ದಿನಕ್ಕೆ ವಾಪಸು ಬಂತು,
ದೋಷವಿಲ್ಲ ಎಂಬ ಚೀಟಿಯ ಜೊತೆ
ಆರುನೂರು ರೂಪಾಯಿಯ ಬಿಲ್ಲು.

ಇದನ್ನು ಯಾರ ಕೂಲಿಯಲ್ಲಿ ಮುರಿಯಲಿ ಅಂತ
ಕೇಳಿದೆ.